ಒಂಬತ್ತನೇ ಕಲಮು

ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಒಂಬತ್ತನೇ ಕಲಮು:
"ಮನೆ ಮುಂದಿನ ಹುಲ್ಲುಹಾಸನ್ನು ಬಾಡಿಗೆದಾರರು
ಸುಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು;
ತಪ್ಪಿದಲ್ಲಿ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಾಗುವುದು."
ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಅಂತಿದೆ,
ಹುಲ್ಲಿಗೆ ಎಷ್ಟೆಂದು ಬರೆದಿಲ್ಲ.
ಸಹಿ ಹಾಕುವಾಗ ನಕ್ಕಿದ್ದೆ.
ನಮ್ಮ ಕಡೆ ಹುಲ್ಲೆಂದರೆ ದನಕ್ಕೆ.

ಕುಕ್‌ಟೌನಿನ ಈ ಮನೆಯ ಮುಂದೆ
ಹದಿನೆಂಟಡಿ ಉದ್ದ, ಹನ್ನೊಂದಡಿ ಅಗಲ,
ಯಾವ ಹಸುವೂ ಮೂಸದ ಮೆಕ್ಸಿಕನ್ ಹುಲ್ಲು.
ಮಹಡಿಯಲ್ಲಿ ಇಮೆಲ್ಡಾ ಮೇಡಂ,
ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದವರು;
ಬಾಲ್ಕನಿಯಿಂದ ಬಗ್ಗಿ
ಹುಲ್ಲಿನ ನಾಡಿ ನೋಡುತ್ತಾರೆ.
ಅವರ ಹತ್ತಿರ ಯಾವುದೋ ಚಳಿದೇಶದ ಕೈಪಿಡಿ,
ಬೈಂಡು ಬಿಟ್ಟದ್ದು. ಅದರಿಂದ ಓದಿ ಹೇಳಿದರು:
"ಹಿಮ ಪೂರ್ತಿ ಕರಗುವ ತನಕ
ಹುಲ್ಲಿನ ಮೇಲೆ ಯಾರೂ ಕಾಲಿಡಬಾರದು."
ನಾನು ಆಕಾಶ ನೋಡಿದೆ.
ಹೊಂಗೆಮರ ಎಲೆ ಉದುರಿಸುತ್ತಿತ್ತು.

ಹಿಮಕ್ಕೆ ಬದಲು ನಮಗೆ ಅದೇ.
ಗುಡಿಸಿ ತಿರುಗುವಷ್ಟರಲ್ಲಿ ಮತ್ತೊಂದು ಪದರ,
ಹಳದಿ, ಕಂದು, ಹುಳು ಕೊರೆದದ್ದು.

ಸಿದ್ದಾಪುರದಿಂದ ಪಿಳ್ಳಪ್ಪ ಬಂದ,
ಸೈಕಲ್ಲಿಗೆ ಮುಳ್ಳುಗುದ್ದಲಿ, ಜರಡಿ, ಒಂದು ಮೂಟೆ ಗೊಬ್ಬರ.
"ಹಿಮಗಿಮ ಬಿಡಿ ಸಾರ್, ಶಿವರಾತ್ರಿ ಆಗಲಿ,
ಚಳಿ ಶಿವಶಿವಾ ಅಂತ ತಾನೇ ಹೋಗುತ್ತೆ.
ಆಮೇಲೆ ಕೆರೆಯಿರಿ, ಒಣಗಿದ್ದೆಲ್ಲ ಮೇಲೆ ಬರಲಿ.
ಗೇಣಿಗೊಂದು ಚುಚ್ಚಿ, ಮಣ್ಣಿಗೆ ಉಸಿರು ಬೇಕು.
ಮಟ್ಟಸವಾಗಿ ಕತ್ತರಿಸಿ, ಬೋಳು ಹೊಡೆಯಬೇಡಿ,
ಮದುವೆ ಗಂಡಿಗೆ ಕ್ಷೌರ ಮಾಡಿದ ಹಾಗಿರಲಿ."
ಇಷ್ಟು ಹೇಳಿ ಎಂಟುನೂರು ಕೇಳಿದ.
ಆರುನೂರಕ್ಕೆ ಒಪ್ಪಿ, ಕಾಫಿ ಕುಡಿದು,
ಅರ್ಧ ಕೆಲಸ ನನಗೇ ಬಿಟ್ಟು ಹೋದ.

ಭಾನುವಾರವೆಲ್ಲ ಮಂಡಿಯೂರಿ ಕಳೆ ಕಿತ್ತೆ.
ಕೊನ್ನಾರಿ ಬುಡಕ್ಕೆ ಕೈ ಹಾಕಿದರೆ
ಮೇಲೆ ನಾಲ್ಕು ಗರಿ, ಕೆಳಗೆ ಗೆಡ್ಡೆಗೆ ಗೆಡ್ಡೆ ಪೋಣಿಸಿಕೊಂಡು
ಪಕ್ಕದ ಕಾಂಪೌಂಡಿನವರೆಗೆ ಸಂಬಂಧ.
ಗರಿಕೆಯೂ ಸಿಕ್ಕಿತು. ಅದನ್ನು ಕೀಳುವಾಗ
ಕೈ ಒಂದು ಗಳಿಗೆ ಹಿಂಜರಿಯಿತು;
ಕರಾರಿನಲ್ಲಿ ಗಣಪತಿಯ ಹೆಸರಿಲ್ಲ, ಕಿತ್ತೆ.
ಕಿತ್ತದ್ದನ್ನು ಮಾತ್ರ ಕಸದ ಗಾಡಿಗೆ ಹಾಕಲಾಗದೆ
ಕಾಂಪೌಂಡಿನ ಮೇಲೆ ಸಾಲಾಗಿ ಇಟ್ಟೆ.
ತೃಣಮಾತ್ರ ಎಂದು ಆಫೀಸಿನಲ್ಲಿ ಎಷ್ಟು ಜನಕ್ಕೆ ಅಂದಿದ್ದೆನೋ,
ಸೊಂಟ ಹಿಡಿದು ಏಳುವಾಗ
ಆ ಮಾತು ಹಿಂದಕ್ಕೆ ತೆಗೆದುಕೊಂಡೆ.

ನೀರಿನದು ಬೇರೆ ಕಥೆ.
ಕಾವೇರಿ ದಿನ ಬಿಟ್ಟು ದಿನ, ಬೆಳಗಿನ ಜಾವ ಮೂರೂವರೆಗೆ,
ನಲ್ಲಿಯಲ್ಲಿ ಮೊದಲು ಗಾಳಿ ಕೆಮ್ಮುತ್ತದೆ.
ಅಕ್ಕಿ ತೊಳೆದದ್ದು, ಸೊಪ್ಪು ತೊಳೆದದ್ದು
ಬಕೆಟ್ಟಿನಲ್ಲಿ ಹುಲ್ಲಿಗೆ.
ಹೀಗೆಲ್ಲ ಸಾಕಿದರೂ ನಡುವೆ ಒಂದು ಬೋಳು,
ಎರಡು ಚಾಪೆಮಣೆಯಷ್ಟು. ಅಲ್ಲಿ ನೆಟ್ಟದ್ದು
ಒಂದು ವಾರ ಹಸಿರಾಗಿದ್ದು ಸಾಯುತ್ತಿತ್ತು.
ಗೆದ್ದಲು ಅಂದುಕೊಂಡೆ. ಬೀದಿನಾಯಿ ಅಂದುಕೊಂಡೆ.
ಪಿಳ್ಳಪ್ಪ ಫೋನಿನಲ್ಲೇ ಬೇವಿನಹಿಂಡಿ ಅಂದ.

ಮೊನ್ನೆ ಸಂಪಿನ ಮುಚ್ಚಳ ತೆಗೆಯಲು ಎದ್ದಾಗ
ಹುಲ್ಲಿನ ಅಂಚಿಗೆ ಒಂದು ಜೊತೆ ಹವಾಯಿ ಚಪ್ಪಲಿ,
ಜೋಡಿಸಿ ಬಿಟ್ಟದ್ದು, ದೇವಸ್ಥಾನದ ಹೊರಗೆ ಬಿಟ್ಟ ಹಾಗೆ.
ನಡುವೆ ಇಮೆಲ್ಡಾ ಮೇಡಂ, ಸ್ವೆಟರು, ಬರಿಗಾಲು,
ನೈಟಿಯ ಅಂಚು ಎರಡು ಬೆರಳಲ್ಲಿ ಎತ್ತಿ ಹಿಡಿದು,
ನಿಂತಲ್ಲೇ ನಿಧಾನ ಎಡ ಬಲ ಎಡ
ಪಾದ ಒತ್ತುತ್ತಿದ್ದರು.
ಹಿಮವಿನ್ನೂ ಕರಗಿರಲಿಲ್ಲವೆಂದು ಕಾಣುತ್ತದೆ.
ನಾನು ಮುಚ್ಚಳದ ಹಿಡಿ ಬಿಡಲಿಲ್ಲ, ಸದ್ದಾದೀತು.
ಸಂಪಿಗೆ ನೀರು ಬೀಳುವುದು ಅವರಿಗೂ ಕೇಳುತ್ತಿತ್ತು.

ಬೆಳಿಗ್ಗೆ ಬಾಲ್ಕನಿಯಿಂದ ಕೂಗಿದರು:
"ಆ ಬೋಳಿಗೆ ಏನಾದರೂ ಮಾಡಿ, ಅಸಹ್ಯ!"
ಮಾಡುತ್ತೇನೆ ಮೇಡಂ, ಅಂದೆ.

ಈ ಸಲ ಅಲ್ಲಿ ಹುಲ್ಲಿನ ಕಡ್ಡಿ ಊರಲಿಲ್ಲ.
ಕೆಮ್ಮಣ್ಣು ಎರಡು ಸಲ ಜರಡಿ ಹಿಡಿದೆ,
ಕಲ್ಲು, ಗಾಜಿನ ಚೂರು, ಹೊಂಗೆಕಾಯಿ ಸಿಪ್ಪೆ ಆರಿಸಿ
ಮೆತ್ತಗೆ ಹರಡಿ, ಸಂಜೆ ನೀರು ಚಿಮುಕಿಸಿದೆ.
ಮೇ ತಿಂಗಳಿಗೆ ಕರಾರು ಮುಗಿಯುತ್ತದೆ.
ಮುರಿದುಕೊಂಡರೆ ಮುರಿದುಕೊಳ್ಳಲಿ.
ನಾಳೆ ನೀರಿನ ದಿನ.