ಸಹಿ ಹಾಕುವ ಮೊದಲು

ಕೂತ್ಕೊಳ್ಳಿ ಕೆರಿಯಪ್ಪನವರೇ. ಆ ಬೆಂಚು ಅಲ್ಲಾಡುತ್ತೆ, ಈಚೆ ಬನ್ನಿ.
ಹಳೇ ಇಗರ್ಜಿಯಲ್ಲಿ ಮೊಣಕಾಲೂರುವ ಹಲಗೆ ಅದು,
ಲಾದ್ರು ಬಾಯಪ್ಪ ನಾಲ್ಕು ಕಾಲು ಬಡಿದು ಬೆಂಚು ಮಾಡಿದ.
ಎರಡು ತಲೆಮಾರಿನ ಮಂಡಿ ಸವೆಸಿದ ಗುಳಿಯಲ್ಲಿ
ಒಂದನೇ ಕ್ಲಾಸಿನ ಪೆನ್ಸಿಲ್ಲು ಈಗ ಉರುಳದೆ ನಿಲ್ಲುತ್ತೆ.

ಸಹಿ ಆಮೇಲೆ. ಮೊದಲು ಕೇಳಿ.
ಇದು ಇಂಗ್ಲಿಷ್ ಮೀಡಿಯಂ ಅಲ್ಲ,
ಶಿಲುಬೆ ನೋಡಿ ಮೋಸಹೋಗಬೇಡಿ.
ಹೊಸನಗರದ ಹಳದಿ ವ್ಯಾನು ನಮ್ಮ ಗೇಟಿನೆದುರೇ ತಿರುಗುತ್ತೆ,
ನಮ್ಮ ಮಕ್ಕಳು ಕೈ ಬೀಸುತ್ತಾರೆ,
ಒಳಗಿನವರಲ್ಲಿ ಇಬ್ಬರು
ಹೋದ ವರ್ಷದವರೆಗೆ ಈ ಕಡೆಯಿಂದ ಬೀಸುತ್ತಿದ್ದರು.

ಮೂರು, ನಾಲ್ಕು ಒಂದೇ ಕೋಣೆ. ನಡುವೆ ಒಂದು ಬೀರು.
ಆಚೆಯ ಭಾಗಾಕಾರ ಈಚೆಯವರ ಕಿವಿಗೂ ಬೀಳುತ್ತೆ.
ಮರುವರ್ಷ ಸೀಮೆಸುಣ್ಣ ಎತ್ತುವ ಮೊದಲೇ
"ಗೊತ್ತು ಟೀಚರ್" ಅಂತಾರೆ.
ಅರ್ಧ ಗೊತ್ತಿರುತ್ತೆ.
ಇನ್ನರ್ಧಕ್ಕೇ ನನ್ನ ಸಂಬಳ.

ಪ್ರಾರ್ಥನೆ ಇದೆ. ನೀವು ಕೇಳಲಿಲ್ಲ,
ಆದರೆ ನಿಮ್ಮ ಮನೆಯವರು ಹೊಸ್ತಿಲಲ್ಲೇ ನಿಂತದ್ದು ನೋಡಿದೆ.
ಬೆಳಿಗ್ಗೆ ಎರಡು ನಿಮಿಷ ಕಣ್ಣು ಮುಚ್ಚಿಸುತ್ತೇವೆ,
ಒಳಗೆ ಯಾರು ಕಂಡರು ಅಂತ ಕೇಳುವುದಿಲ್ಲ.
ಒಮ್ಮೆ ಆಬಿದಾಳ ತಮ್ಮ ತಾನಾಗಿಯೇ ಹೇಳಿದ:
"ನಮ್ಮ ಮೇಕೆ ಕಂಡಿತು, ಹೊಟ್ಟೆ ಇಷ್ಟು ದಪ್ಪ ಇತ್ತು."
ಸಿಸ್ಟರ್ ಯುಲಾಲಿಯಾ ನಗು ತಡೆದುಕೊಂಡು
ಮೇಕೆಯನ್ನೂ ಸೇರಿಸಿ ಆಮೆನ್ ಅಂದರು.
ಎರಡು ಮರಿ ಹಾಕಿತು. ಅದು ಬೇರೆ ವಿಷಯ.
ನನ್ನ ಹಣೆ ನೋಡಿ ತಾಯಿ, ಇಪ್ಪತ್ತಾರು ವರ್ಷ ಇಲ್ಲಿ,
ಈ ಕುಂಕುಮ ಅಳಿಸಿದ್ದು ಬೆವರು ಮಾತ್ರ.

ಸಾವಿನ ಗಂಟೆಗೆ ಮಗ್ಗಿ ನಿಲ್ಲುತ್ತೆ.
ಏಳೆಂಟ್ಲ... ಅಂತ ತೆರೆದ ಬಾಯಿ ಹಾಗೇ ಇರುತ್ತೆ,
ಯಾರಂತೆ, ಯಾರಂತೆ ಅಂತ ಕಿಟಕಿಯಿಂದ ಕಿಟಕಿಗೆ ಓಡಿ,
ಕೆಳಗಿನ ಮನೆಯ ಸೆವ್ರಿನಮ್ಮನಂತೆ ಅಂತ ತಿಳಿದ ಮೇಲೆ
ಮೆಲ್ಲಗೆ, ಐವತ್ತಾರು.

ಹುಡುಗರ ಪಾಯಖಾನೆಗೆ ಚಿಲಕ ಇಲ್ಲ.
ಒಳಗಿದ್ದಷ್ಟು ಹೊತ್ತು ಹಾಡು ಹೇಳಬೇಕು.
ನಿಮ್ಮವನಿಗೆ ನಾಚಿಕೆಯಾದರೆ ನಾಡಗೀತೆ ಸಾಕು,
ಹೊರಗಿನವರು ಅಟೆನ್ಷನ್ನಲ್ಲಿ ನಿಂತು ಕಾಯುತ್ತಾರೆ.

ಕಾಡಲ್ಲಿ ಮಂಗ ಸತ್ತ ಸುದ್ದಿ ಬಂದರೆ
ಒಳದಾರಿ ಬೇಡ, ಟಾರುರಸ್ತೆಯಲ್ಲೇ ಕಳಿಸಿ.
ಎರಡು ಮೈಲಿ ಸುತ್ತು. ತಡವಾದರೆ ಹೊಡೆಯುವುದಿಲ್ಲ.

ಹೊಡೆಯುತ್ತಿದ್ದೆ.
ಇದನ್ನೂ ನೀವು ತಿಳಿದಿರಬೇಕು, ತಿಳಿದೇ ಇರುತ್ತೀರಿ:
ನಿಮ್ಮ ತಮ್ಮ ಗುತ್ಯಪ್ಪನಿಗೆ ಹೊಡೆದವಳು ನಾನೇ.
ಬೋರ್ಡು ಕಾಣಲ್ಲ ಅಂದ. ಸುಳ್ಳು ಅಂದುಕೊಂಡೆ.
ಹುಣಸೆ ಬರಲು, ಎಡಗೈ, ಮೂರು ದಿನ.
ನಾಲ್ಕನೇ ದಿನ ಅವನು ಬರಲಿಲ್ಲ.
ಶಿವಮೊಗ್ಗದ ಕಣ್ಣಾಸ್ಪತ್ರೆ ಜೀಪು ಬಂದಾಗ
ಅವನು ಶಾಲೆ ಬಿಟ್ಟು ಒಂದು ವರ್ಷವಾಗಿತ್ತು.
ಈಗ ಸಂತೆಯಲ್ಲಿ ಸಿಕ್ಕರೆ ದಪ್ಪ ಕನ್ನಡಕ ಸರಿಮಾಡಿಕೊಂಡು
"ಚೆನ್ನಾಗಿದ್ದೀರಾ ಟೀಚರ್" ಅಂತಾನೆ.
ನಾನು ಬದನೆಕಾಯಿ ಆರಿಸುತ್ತಾ ಬಗ್ಗಿಬಿಡುತ್ತೇನೆ.

ಅಂದಿನಿಂದ, ಸೇರುವ ದಿನ, ಪ್ರತಿ ಮಗುವನ್ನೂ
ಕೊನೇ ಬೆಂಚಿಗೆ ಕಳಿಸಿ
ಬೋರ್ಡಿನ ಮೇಲೆ ಒಂದು ಇರುವೆ ಬರೆಯುತ್ತೇನೆ.
ಎಷ್ಟು ಕಾಲು?
ಕೆಲವರು ನೋಡದೆಯೇ ಆರು ಅಂತಾರೆ,
ಅದಕ್ಕೆ ಒಂದು ಕಾಲು ಬೇಕಂತಲೇ ಬಿಟ್ಟಿರುತ್ತೇನೆ.

ಹದಿನೇಳು ಮಕ್ಕಳಿದ್ದಾರೆ. ನಿಮ್ಮವನು ಸೇರಿದರೆ ಹದಿನೆಂಟು.
ಐದನೇ ಕ್ಲಾಸಿಗೆ ಬರುವ ತನಕ ಶಾಲೆ ಇರುತ್ತಾ ಅಂದರೆ
ಗೊತ್ತಿಲ್ಲ. ಪಾದ್ರಿಗಳಿಗೂ ಗೊತ್ತಿಲ್ಲ,
ಕೇಳಿದರೆ ಹಂಚು ಹೊದಿಸುವ ಲೆಕ್ಕ ತೋರಿಸುತ್ತಾರೆ.

ಅಗೋ, ಹೋಗಿ ನಿಂತಿದ್ದಾನೆ ನಿಮ್ಮವನು,
ಬೆರಳು ಮಡಚುತ್ತಿದ್ದಾನೆ.
ಸ್ವಲ್ಪ ಪಕ್ಕಕ್ಕೆ ಬನ್ನಿ, ಇರುವೆಗೆ ಅಡ್ಡ ನಿಂತಿದ್ದೀರಿ.
ಪೆನ್ನು ತಗೊಳ್ಳಿ.
ಬರೆಯದಿದ್ದರೆ ಒಂದು ಸಲ ಕೊಡವಿ.