ಕತ್ತರಿ ಸರಿ, ಮಷಿನ್ ಬೇಡ

ವಾಲ್ಪರಾಯಿಸೋದ ಗುಡ್ಡದ ನೆತ್ತಿಯಲ್ಲಿ ನಮ್ಮ ಶಾಲೆ.
ಹತ್ತಿ ಬರಲು ನೂರಾ ಅರವತ್ತೆರಡು ಮೆಟ್ಟಿಲು.
ಎಣಿಸಿದವನು ಫಕುಂದೋ, ಒಂಬತ್ತು ವರ್ಷದವನು.
ಒಂದು ಮೆಟ್ಟಿಲು ಮುರಿದ ವಾರ
ನೂರಾ ಅರವತ್ತೊಂದೂವರೆ ಎಂದು ಬರೆದಿಟ್ಟಿದ್ದ.

ಅವನ ಹೆಸರಿಗೆ ವಾಗ್ಮಿ ಎಂದರ್ಥವಂತೆ,
ಅವನಿನ್ನೂ ಹೊಟ್ಟೆಯಲ್ಲಿದ್ದಾಗ ಅಜ್ಜಿ ಇಟ್ಟದ್ದು.
ಬಾಯಿಂದ ಆಡುವುದು ನಾಲ್ಕೇ ಮಾತು,
ಅದರಲ್ಲೂ ಎರಡು ಬೀದಿನಾಯಿಗಳ ಹೆಸರು.
ಉಳಿದದ್ದೆಲ್ಲ ಕೊರಳಿಗೆ ತೂಗಿದ ಅಕ್ಷರದ ಹಲಗೆಯಲ್ಲಿ,
ತೋರುಬೆರಳ ತುದಿಯಲ್ಲಿ.

ನಾನು ಅವನ ತಿಯಾ. ಇಲ್ಲಿನ ಮಕ್ಕಳಿಗೆ
ಟೀಚರೂ ಚಿಕ್ಕಮ್ಮನೇ.
ಇಪ್ಪತ್ತು ವರ್ಷ ನಾನು ಕಲಿಸಿದ್ದು ಇಷ್ಟು:
ಕಣ್ಣಲ್ಲಿ ಕಣ್ಣಿಟ್ಟು ನೋಡು. ಕೈ ಸುಮ್ಮನಿರಲಿ.
ನೋಡಿದರೊಂದು ಒಣದ್ರಾಕ್ಷಿ,
ಸುಮ್ಮನಿದ್ದರೆ ಎರಡು.
ದ್ರಾಕ್ಷಿಯ ಜೊತೆ ನನ್ನ ಕಣ್ಣನ್ನೂ ನುಂಗಿದ ಮಕ್ಕಳು
ಈಗ ದೊಡ್ಡವರು.
ಮೀನುಕಟ್ಟೆಯಲ್ಲಿ ಸಿಕ್ಕ ಯಾಸ್ನಾ ಹೇಳಿದಳು:
"ತಿಯಾ, ಹೂಂ ಅನ್ನುವುದನ್ನು ಚೆನ್ನಾಗಿ ಕಲಿಸಿದಿರಿ.
ಊಹೂಂ ಅನ್ನಲು ಬಾರದೆ
ಒಬ್ಬನ ಮನೆಯಲ್ಲಿ ಐದು ವರ್ಷ ಕಳೆದೆ."
ಆಮೇಲೆ ಚಿಲ್ಲರೆ ಎಣಿಸಿ ಕೊಟ್ಟಳು,
ಒಂದು ಪೈಸೆ ಹೆಚ್ಚುಕಮ್ಮಿಯಿಲ್ಲದೆ.

ಅಂದಿನಿಂದ ಒಣದ್ರಾಕ್ಷಿ ನಾನೇ ತಿನ್ನುತ್ತೇನೆ.

ಫಕುಂದೋನ ಕ್ಷೌರದ ದಿನಕ್ಕೊಂದು ಚೀಟಿ ಬೇಕಿತ್ತು.
ಕರಡು ನನ್ನದು:
"ದಯವಿಟ್ಟು ಕ್ಷಮಿಸಿ, ನನಗೊಂದು ತೊಂದರೆಯಿದೆ..."
ಅವನು ನೀಲಿ ಪೆನ್ಸಿಲ್ ಎತ್ತಿಕೊಂಡ.
ದಯವಿಟ್ಟು ಉಳಿಯಿತು. ಕ್ಷಮಿಸಿ ಹೋಯಿತು.
ತೊಂದರೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತ,
ಮತ್ತೆ ಹಲಗೆಯ ಮೇಲೆ ಒಂದೊಂದೇ ಅಕ್ಷರ ಕುಟ್ಟಿದ:
ತೊಂದರೆ ಇರುವುದು ಮಷಿನ್ನಿಗೆ. ಅದು ಕಿರುಚುತ್ತದೆ.

ಎರಡು ವಾರ ಹಿಡಿಯಿತು ಆ ಮೂರು ಸಾಲು.

ದೋನ್ ಎಲೆಯುತೇರಿಯೋನ ಅಂಗಡಿ,
ಕನ್ನಡಿಯ ಅಂಚಿಗೆ ಬಣ್ಣ ಹೋದ ಹಸಿರು ಬಾವುಟ.
ತಾಯಿ ಬಾಯಿ ತೆರೆದಳು. ಅವಳ ಮೊಣಕೈ ಮುಟ್ಟಿದೆ.
ಮುಚ್ಚಿದಳು, ಉಕ್ಕುವ ಹಾಲಿಗೆ ತಟ್ಟೆ ಮುಚ್ಚಿದಂತೆ.
ಕಾದೆವು.
ರೇಡಿಯೋದಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು.
ಚೀಟಿ ಜೇಬಿನಿಂದ ಬಂತು, ತಲೆಕೆಳಗಾಗಿ.
ಮುದುಕ ಅದನ್ನು ತಿರುಗಿಸಲಿಲ್ಲ, ಕತ್ತನ್ನೇ ತಿರುಗಿಸಿ ಓದಿದ:

    ದಯವಿಟ್ಟು ಕತ್ತರಿ ಸರಿ, ಮಷಿನ್ ಬೇಡ.
    ಕಿವಿಯ ಹತ್ತಿರ ಬರುವ ಮುಂಚೆ ಹೇಳಿ.
    ಕೈ ಎತ್ತಿದರೆ ನಿಲ್ಲಿಸಿ. ಕೈ ಬೀಸಿದರೆ ನಿಲ್ಲಿಸಬೇಡಿ, ಅದು ಖುಷಿ.

"ಎಡಗಿವಿ," ಎಂದ ಮುದುಕ. ಕಾದ. ಕತ್ತರಿಸಿದ.
"ಬಲಗಿವಿ."
ಮೂರು ಸಲ ಕೈ ಎದ್ದಿತು,
ಮೂರು ಸಲವೂ ಕತ್ತರಿ ಗಾಳಿಯಲ್ಲೇ ನಿಂತಿತು.
ಮೂರನೆಯದು ಬರೀ ಪರೀಕ್ಷೆ ಅನ್ನಿಸುತ್ತದೆ ನನಗೆ,
ಕೊಟ್ಟ ಮಾತು ನಿಲ್ಲುತ್ತದೋ ಇಲ್ಲವೋ ಎಂದು.

ದಾರಿಯಲ್ಲಿ ತಾಯಿ ಕೇಳಿದಳು,
ಲೋಕವೆಲ್ಲ ಎಲೆಯುತೇರಿಯೋ ಅಲ್ಲವಲ್ಲ?
ಅಲ್ಲ.
ಮರುವಾರವೇ ಬಸ್ಸಿನ ಡ್ರೈವರು
ಓದದೆಯೇ ಚೀಟಿಯನ್ನು ನೆಲಕ್ಕೆ ಬಿಟ್ಟ.
ಫಕುಂದೋ ಹೆಕ್ಕಿ, ಅಂಗಿಗೆ ಒರೆಸಿ, ಮತ್ತೆ ಚಾಚಿದ.
ಬಸ್ಸು ಹೊರಟುಹೋಗಿತ್ತು.
ಇದಕ್ಕೆ ನನ್ನಲ್ಲಿ ಪಾಠವಿಲ್ಲ.
ನಡೆದೇ ಬಂದೆವು. ಅವನು ಕೈ ಬೀಸಲಿಲ್ಲ,
ಮೆಟ್ಟಿಲು ಎಣಿಸಲಿಲ್ಲ.

ಇವತ್ತು ಬೆಳಿಗ್ಗೆ ಪಾಠದ ಪುಸ್ತಕ ತೆರೆದೆ.
ಅವನು ಕೈ ಎತ್ತಿದ.
ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.
ಪುಸ್ತಕ ಮುಚ್ಚಿದೆ.
ಹಲಗೆಯನ್ನು ಕೊರಳಿಂದ ತೆಗೆದು ನನ್ನ ಕಡೆ ತಿರುಗಿಸಿಟ್ಟ,
ಅಕ್ಷರಗಳನ್ನು ತಲೆಕೆಳಗಾಗಿಯೇ ಮುಟ್ಟುತ್ತ ಕೇಳಿದ:
ತಿಯಾ, ನಿಮಗೆ ಬೇಡದ್ದು ಏನು?

ಬೆರಳು ಮುಂದೆ ಮಾಡಿದೆ.
ಯಾವ ಅಕ್ಷರದಿಂದ ಶುರುಮಾಡುವುದೋ ತಿಳಿಯದು.
ಅವನಿಗೆ ಅವಸರವಿಲ್ಲ,
ಕಿಟಕಿಯಾಚೆಯ ಹಡಗು ನೋಡುತ್ತ ಕೂತಿದ್ದಾನೆ.