ಮುಖ ಎಲ್ಲಿ ಬರಬೇಕು

ಬಟ್ಟೆ ತಂದವರನ್ನು ಅಜ್ಜಿ ಮೊದಲು ಕೇಳುತ್ತಿದ್ದದ್ದು ಇದೇ:
ಮುಖ ಎಲ್ಲಿ ಬರಬೇಕು?
ಎದೆಗೋ, ಬೆನ್ನಿಗೋ?
ಕೂರುವ ಕಡೆಗೆ ಮಾತ್ರ ಇಡುವುದಿಲ್ಲ, ನೋಡು,
ಅವನು ದೊರೆಯಾದರೂ ಸರಿ, ದೊರೆಯ ವೈರಿಯಾದರೂ ಸರಿ.

ಬೋಬೊ-ದಿಯುಲಾಸೊ ಪೇಟೆಯಲ್ಲಿ
ಒಣಮೀನಿನ ಸಾಲು ಮುಗಿದು
ಸೈಕಲ್ ರಿಪೇರಿಯ ಸಾಲು ಶುರುವಾಗುವ ಮೂಲೆಗೆ
ಕೊರೊತಿಮಿ ಸನೂ ಎಂಬವಳ ಹೊಲಿಗೆಯಂತ್ರ.
ಚಕ್ರಕ್ಕೆ ಎಣ್ಣೆ ಬಿಡುವುದು ನನ್ನ ಕೆಲಸ,
ಬಿದ್ದ ಗುಂಡುಸೂಜಿ ಅಯಸ್ಕಾಂತದಲ್ಲಿ ಹೆಕ್ಕುವುದೂ.

ಶಾಲೆಯಲ್ಲಿ ಇಸವಿ ಕಲಿತೆ.
ಅವಳಿಗೆ ಇಸವಿ ಗೊತ್ತಿರಲಿಲ್ಲ, ನೂಲು ಗೊತ್ತಿತ್ತು.

ಸ್ವಾತಂತ್ರ್ಯ ಬಂದ ರಾತ್ರಿಯಾ?
ಕಪ್ಪು, ಬಿಳಿ, ಕೆಂಪು. ಕೆಂಪು ಸಾಲದೆ ಹೋಯಿತು.
ಕೊನೆಯ ಬಾವುಟಕ್ಕೆ ನನ್ನ ಮದುವೆ ಲಂಗದ ಅಂಚು ಬಿಚ್ಚಿದೆ.
ಯಾವ ಕಚೇರಿಯ ಮೇಲೆ ಹಾರಿತೋ, ಹೇಳಿದವರಿಲ್ಲ.
ದುಡ್ಡೂ ಬರಲಿಲ್ಲ.

ಕಾಂಗೋದವನನ್ನು ಕೊಂದ ಸುದ್ದಿ?
ಯಾರದೋ ಮಗುವಿನ ಅಂಗಿಗೆ ಕಾಜ ಮಾಡುತ್ತಿದ್ದೆ.
ಪಕ್ಕದಂಗಡಿಯ ರೇಡಿಯೋ ಹೇಳಿತು, ಆಮೇಲೆ ಯಾರೋ ಅದರ ಕಿವಿ ತಿರುಚಿದರು.
ನೋಡಿಕೊಂಡರೆ ಆರು ಕಾಜ, ಗುಂಡಿ ಐದೇ.
ಆ ಹುಡುಗ ಈಗ ಸಿಕ್ಕರೆ ಕೇಳಬೇಕು,
ಆ ಒಂದು ತೂತಿನಿಂದ ಗಾಳಿ ಬಂತೇನೋ ಅಂತ.

ಚಂದ್ರನ ಮೇಲೆ ಮನುಷ್ಯ ನಡೆದದ್ದು?
ಆವತ್ತು ಸೂಜಿ ಮುರಿದಿತ್ತು.

ಬಂದವನ ಮುಖ ಗಜಕ್ಕೆ ನಾಲ್ಕರಂತೆ ಅಚ್ಚಾಗಿ ಬರುತ್ತಿತ್ತು,
ಹೋದವನದು ಮಸಿಬಟ್ಟೆಯಾಗುತ್ತಿತ್ತು.
ಕಪ್ಪು ಕನ್ನಡಕದವನು ಸಜ್ಜೆಮುದ್ದೆಯ ಪಾತ್ರೆ ಇಳಿಸಿದ,
ಟೋಪಿಯವನು ತಮ್ಮನ ಕೆಳಗೆ ಒದ್ದೆಯಾದ.
ಅವಮಾನ ಮಾಡಬೇಕೆಂದಲ್ಲ,
ಹತ್ತಿ ಒಳ್ಳೆಯದಿತ್ತು.

ಒಬ್ಬ ಮಾತ್ರ ಮುಖ ಅಚ್ಚು ಹಾಕಿಸಲಿಲ್ಲ.
ಈ ನೆಲದ ಹತ್ತಿ, ಈ ನೆಲದ ಮಗ್ಗ, ಅದನ್ನೇ ಉಡಿ ಅಂದ.
ಗುಮಾಸ್ತರು ಕತ್ತು ತುರಿಸಿಕೊಳ್ಳುತ್ತ ಗೊಣಗಿದರು;
ಅಜ್ಜಿಗೆ ಉಣ್ಣುವುದಕ್ಕೂ ಪುರುಸೊತ್ತಿಲ್ಲ,
ಬೈದುಕೊಂಡೇ ಹೊಲಿದಳು, ಹಾಡಿಕೊಂಡೂ.
ಅಕ್ಟೋಬರಿನ ಒಂದು ಗುರುವಾರ
ರೇಡಿಯೋದಲ್ಲಿ ಮಾತಿಲ್ಲ, ಬರೀ ಕವಾಯತಿನ ವಾದ್ಯ.
ಅವಳು ತಿರುಗುವ ಚಕ್ರವನ್ನು ಅಂಗೈಯಲ್ಲಿ ಹಿಡಿದು ನಿಲ್ಲಿಸಿದಳು.
ಸೂಜಿ ಬಟ್ಟೆಯೊಳಗೇ ಇತ್ತು.
ಮೂರು ದಿನ ಅಲ್ಲೇ ಇತ್ತು.

ದೂರದ ದಕ್ಷಿಣದಲ್ಲಿ ಇಪ್ಪತ್ತೇಳು ವರ್ಷದ ಬಾಗಿಲು ತೆರೆದಾಗ
ಟೀವಿ ಅಂಗಡಿಯ ಮುಂದೆ ಪೇಟೆಗೆ ಪೇಟೆಯೇ ಅತ್ತಿತು.
ಅಜ್ಜಿ ಕಣ್ಣು ಕಿರಿದು ಮಾಡಿ ಕೋಟು ನೋಡಿದಳು:
ಅಳತೆ ತೆಗೆದವನ ಕೈ ನಡುಗಿರಬೇಕು.
ಅಷ್ಟೇ ಅಂದು, ಮನೆಗೆ ಬರುವ ದಾರಿಯುದ್ದಕ್ಕೂ
ನನ್ನ ಕೈ ಬಿಡಲಿಲ್ಲ.

ಈಗ ಅವನ ಮುಖವೂ ಅಚ್ಚಾಗಿ ಬರುತ್ತದೆ,
ಆ ಗುರುವಾರ ಹುಟ್ಟೇ ಇರದ ಹುಡುಗರು ತರುತ್ತಾರೆ.
ನಿನ್ನೆ ಇನೂಸಾ ಬಂದ, ಮೋಟಾರ್‌ಸೈಕಲ್ ಇಳಿಯದೆಯೇ ಗಂಟು ಎಸೆದ.
ಮುಖ ಎಲ್ಲಿ ಬರಬೇಕು? ಕೇಳಿದೆ.
ಎಲ್ಲಾದರೂ ಬರಲಿ, ಶುಕ್ರವಾರಕ್ಕೆ ಬೇಕು.
ಸೀಮೆಸುಣ್ಣ ಹಿಡಿದು ಬಹಳ ಹೊತ್ತು ಕೂತಿದ್ದೆ.
ಹೇಗೆ ಮಡಿಸಿದರೂ ಒಂದು ಕಣ್ಣು ಕಂಕುಳಿಗೆ ಹೋಗುತ್ತದೆ.

ಅಜ್ಜಿಯ ಪೆಟ್ಟಿಗೆಯಲ್ಲಿ ಇನ್ನೂ ಒಂದು ಅಂಗಿಯಿದೆ,
ಮಗ್ಗದ ಬಟ್ಟೆ, ಒಂದೇ ತೋಳು.
ಆ ವಾರ ಹೊಲಿಯಲು ಕೊಟ್ಟವನು ಆಮೇಲೆ ಬರಲೇ ಇಲ್ಲ.
ಗುಂಡುಸೂಜಿಗೆ ಚೀಟಿ ಸಿಕ್ಕಿಸಿದ್ದಾಳೆ:
ಎದೆ ತೊಂಬತ್ತಾರು, ತೋಳು ಅರವತ್ತೆರಡು,
ಎಡಭುಜ ಚೂರು ಇಳಿಜಾರು.
ಹೆಸರು ಬರೆದಿಲ್ಲ.
ಪ್ರತಿ ವರ್ಷ ಬಿಸಿಲಿಗೆ ಹಾಕಿ, ಕೊಡವಿ,
ಮತ್ತೆ ಮಡಿಸಿಡುತ್ತೇನೆ.